ಓದುಗರ ಪ್ರಶ್ನೆ: ಗುಂಪಿನ ಬೈಕ್ ಸವಾರಿಗೆ 125 ಸಿಸಿ ಸಾಕೇ?

ಪ್ರಶ್ನೆ: ನಾನು ಮುಳ್ಳೇರಿಯಾ ಸಮೀಪದ ಶಾಲೆಯೊಂದರಲ್ಲಿ ಅಧ್ಯಾಪಕ. ಪರಿಚಿತ ಯುವಕರ ತಂಡವೊಂದು ಮಳೆಗಾಲ ಕಳೆದ ಮೇಲೆ ಬಂದಡ್ಕ, ಪಾಣತ್ತೂರು, ಕರಿಕೆ ಮಾರ್ಗವಾಗಿ ಭಾಗಮಂಡಲಕ್ಕೆ ಹೊರಡುವುದಿದ್ದು, ನನ್ನನ್ನೂ ಕರೆದಿದೆ. ಅವರಲ್ಲಿ ಹೆಚ್ಚಿನವರದು 350 ಸಿಸಿಯ ಬೈಕು, ನನ್ನದು 125 ಸಿಸಿ. ಗುಂಪಿನಲ್ಲಿ ಹೋಗಿ ಅಭ್ಯಾಸವಿಲ್ಲ. ಅವರಿಗೆ ನಾನು ಹೊರೆಯಾಗುವೆನೇ? ಪತ್ನಿಯನ್ನೂ ಕರೆದೊಯ್ಯಬಹುದೇ?

ಉತ್ತರ: ನಿಮ್ಮ ಬೈಕಿನ ಬಗ್ಗೆ ಚಿಂತೆ ಬೇಡ. ಕರಿಕೆಯಿಂದ ಭಾಗಮಂಡಲಕ್ಕೆ ಏರುವ ಕಾಡಿನ ರಸ್ತೆ ಕಿರಿದಾಗಿದ್ದು ತಿರುವುಗಳಿಂದ ತುಂಬಿರುವುದರಿಂದ ಅಲ್ಲಿ ದೊಡ್ಡ ಬೈಕಿನವರಿಗೂ ವೇಗ ತೋರಿಸಲು ಜಾಗವಿಲ್ಲ. ನೀವು ವಿಚಾರಿಸಬೇಕಾದದ್ದು ತಂಡದ ಕ್ರಮವನ್ನು. ಮುಂದಾಳು ಯಾರು, ಎಲ್ಲರಿಗಿಂತ ಹಿಂದೆ ಉಳಿದು ಬರುವ ಅನುಭವಿ ಯಾರು, ಯಾವ ಯಾವ ಪೇಟೆಯಲ್ಲಿ ನಿಂತು ಎಲ್ಲರೂ ಬಂದರೇ ಎಂದು ನೋಡುತ್ತಾರೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. “ಒಟ್ಟಿಗೇ ಹೋಗುವುದಲ್ಲವೇ ಸರ್, ಅದರಲ್ಲೇನಿದೆ?” ಎಂಬಷ್ಟೇ ಉತ್ತರ ಬಂದರೆ, ಈ ಸಲ ಅನುಕೂಲವಿಲ್ಲವೆಂದು ನಯವಾಗಿ ಹೇಳಿಬಿಡಿ.

ಹೊಸಬರು ಸಂಕೋಚದಿಂದ ಸಾಲಿನ ಕೊನೆಯನ್ನು ಆರಿಸಿಕೊಳ್ಳುವುದುಂಟು. ಇದು ಸರಿಯಲ್ಲ. ಮುಂದಿನ ಸವಾರ ತಿರುವು ಮುಗಿಸಿ ವೇಗ ಹೆಚ್ಚಿಸುವ ಹೊತ್ತಿಗೆ ಅವನ ಹಿಂದಿನವನು ಇನ್ನೂ ತಿರುವಿನೊಳಗೇ ಇರುತ್ತಾನೆ. ನಡುವೆ ಬಿದ್ದ ಅಂತರವನ್ನು ತುಂಬಲು ಅವನು ಮುಂದಿನವನಿಗಿಂತ ಜೋರಾಗಿ ಓಡಿಸುತ್ತಾನೆ, ಅವನ ಹಿಂದಿನವನು ಅವನಿಗಿಂತಲೂ ಜೋರಾಗಿ. ಹೀಗೆ ಮುಂದಾಳು ನಿಧಾನವಾಗಿಯೇ ಹೋಗುತ್ತಿದ್ದರೂ ಬಾಲದಲ್ಲಿರುವವರು ಪ್ರತಿ ತಿರುವಿನ ನಂತರ ಧಾವಿಸಬೇಕಾಗುತ್ತದೆ. ಆದ್ದರಿಂದ ಮುಂದಾಳುವಿನ ಬೆನ್ನಿಗೇ ಎರಡನೆಯ ಸ್ಥಾನವನ್ನು ಕೇಳಿ ಪಡೆಯಿರಿ. ಅವನು ಕನ್ನಡಿಯಲ್ಲಿ ನಿಮ್ಮನ್ನು ಕಾಣುತ್ತ ನಿಮ್ಮ ವೇಗಕ್ಕೆ ಹೊಂದಿಕೊಳ್ಳಲಿ. ಹಿಂದಿನವರು ಗೊಣಗಿದರೆ ಗೊಣಗಲಿ.

ಅಗಲವಾದ ನೇರ ರಸ್ತೆಯಲ್ಲಿ ಒಬ್ಬರು ತಮ್ಮ ಪಥದ ಬಲಬದಿಯಲ್ಲಿ, ಮುಂದಿನವರು ಎಡಬದಿಯಲ್ಲಿ ಎಂಬಂತೆ ಓರೆಯಾಗಿ ಸಾಗುವುದು ವಾಡಿಕೆ. ತಮ್ಮದೇ ಸಾಲಿನಲ್ಲಿ ಮುಂದಿರುವ ಬೈಕಿನಿಂದ ಕನಿಷ್ಠ ಎರಡು ಸೆಕೆಂಡಿನ ಅಂತರವಿರಬೇಕು. ಘಾಟಿಯಲ್ಲಿ ಮಾತ್ರ ಎಲ್ಲರೂ ಒಂದೇ ಸಾಲಾಗಬೇಕು, ಏಕೆಂದರೆ ಎದುರಿನ ಬಸ್ಸು ತಿರುವಿನಲ್ಲಿ ಇಡೀ ರಸ್ತೆಯನ್ನೇ ಬಳಸಿ ಬರುತ್ತದೆ, ಅಂಚಿಗೆ ಸರಿದರೆ ಮರಳೂ ಒದ್ದೆ ಎಲೆಗಳೂ ಚಕ್ರವನ್ನು ಜಾರಿಸುತ್ತವೆ. ಇಳಿಯುವಾಗ ಬ್ರೇಕನ್ನು ಒತ್ತಿಕೊಂಡೇ ಬರಬೇಡಿ. ಅದು ಬಿಸಿಯಾದಂತೆ ಹಿಡಿತ ಕಡಿಮೆಯಾಗುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನೇ ಬೈಕನ್ನು ತಡೆಯಲಿ. ಬೈಕನ್ನು ನ್ಯೂಟ್ರಲಿನಲ್ಲಿ ಬಿಟ್ಟು ಪೆಟ್ರೋಲು ಉಳಿಸುವ ಜಾಣತನ ಘಾಟಿಯಲ್ಲಿ ಖಂಡಿತ ಬೇಡ.

ಪತ್ನಿಯವರನ್ನು ಈ ಮೊದಲ ಸಲ ಕರೆದೊಯ್ಯದಿರುವುದು ಲೇಸೆಂದು ನನ್ನ ಅಭಿಪ್ರಾಯ. ಹಿಂಬದಿಯ ಭಾರದಿಂದ ಬೈಕು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಮತ್ತು ಗುಂಪಿನ ಕ್ರಮವನ್ನು ಕಲಿಯುತ್ತಿರುವ ನಿಮಗೆ ಅದೊಂದು ಹೆಚ್ಚಿನ ಹೊಣೆ. ಬರಲೇಬೇಕೆಂದು ಅವರು ಹಟ ಹಿಡಿದರೆ, ಅವರಿಗೂ ಹೆಲ್ಮೆಟ್ ಕಡ್ಡಾಯ. ಹಿಂದಿನ ಟೈರಿನ ಗಾಳಿಯನ್ನು ಇಬ್ಬರ ಭಾರಕ್ಕೆಂದು ಕಂಪನಿ ಸೂಚಿಸಿದಷ್ಟಕ್ಕೆ ಏರಿಸಿಕೊಳ್ಳಿ.

ಮರಳುವ ಸಮಯವನ್ನೂ ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಿ. ಕಾರಡ್ಕ, ದೇಲಂಪಾಡಿ, ಮುಳಿಯಾರು ಭಾಗದ ಆನೆಗಳ ಸುದ್ದಿಯನ್ನು ನಿಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ. ಕತ್ತಲಾಗುವ ಮೊದಲು ಮನೆ ಸೇರುವಂತೆ ಭಾಗಮಂಡಲವನ್ನು ಬಿಡಿ.

ಪ್ರಶ್ನೆ: ಕೇರಳದಲ್ಲಿ ನೋಂದಣಿಯಾದ ಬೈಕು ಕೊಡಗಿನಲ್ಲಿ ಅಪಘಾತಕ್ಕೀಡಾದರೆ ವಿಮೆ ದೊರೆಯುತ್ತದೆಯೇ? (ಬದಿಯಡ್ಕದ ಓದುಗರೊಬ್ಬರು)

ಉತ್ತರ: ದೊರೆಯುತ್ತದೆ, ವಾಹನ ವಿಮೆಗೆ ರಾಜ್ಯದ ಗಡಿಯಿಲ್ಲ. ಆದರೆ ನಿಮ್ಮಲ್ಲಿರುವುದು ಥರ್ಡ್ ಪಾರ್ಟಿ ವಿಮೆ ಮಾತ್ರವಾಗಿದ್ದರೆ ಅದು ಇತರರಿಗಾದ ಹಾನಿಯನ್ನು ಭರಿಸುತ್ತದೆಯೇ ಹೊರತು ನಿಮ್ಮ ಬೈಕಿನ ರಿಪೇರಿಯನ್ನಲ್ಲ. ಚಾಲನೆ ಮಾಡುವ ಮಾಲೀಕರಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ ಇರಬೇಕು. ಅದು ನಿಮ್ಮ ಪಾಲಿಸಿಯಲ್ಲಿ ಸೇರಿದೆಯೇ ಎಂದು ಓದಿ ನೋಡಿ. ರೇಸಿನಲ್ಲಿ ಪಾಲ್ಗೊಂಡಾಗ ಆದ ಹಾನಿಯನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಲೈಸೆನ್ಸ್, ಆರ್‌ಸಿ, ಹೊಗೆ ತಪಾಸಣೆಯ ಪತ್ರಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೂ ನಡೆಯುತ್ತದೆ, ಆದರೆ ಘಾಟಿಯ ಕಾಡಿನಲ್ಲಿ ಮೊಬೈಲ್ ನೆಟ್‌ವರ್ಕನ್ನು ನಂಬುವಂತಿಲ್ಲವಾದ್ದರಿಂದ ಮೂಲ ಪತ್ರಗಳನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳಿ.