ಕೊಣಾಜೆಯೂ ಮಲ್ಯರದ್ದೇ?

ಕಾಪುವಿನ ಓದುಗರೊಬ್ಬರ ಪತ್ರ: 'ಹೋದ ಸಂಚಿಕೆಯಲ್ಲಿ ಉಡುಪಿಯ ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಬಗ್ಗೆ ಬರೆದಿರಿ. ಕೊಣಾಜೆಯ ವಿಶ್ವವಿದ್ಯಾಲಯ ತಂದವರೂ ಅವರೇ ಅಲ್ವಾ? ಅವರು ಮದ್ರಾಸ್ ವಿಶ್ವವಿದ್ಯಾಲಯದ ಪದವೀಧರರು ಬೇರೆ. ಎರಡನ್ನೂ ಏಕೆ ಬಿಟ್ಟಿರಿ?'

ಬೇಕೆಂದೇ ಬಿಟ್ಟೆವು ಮಾರಾಯ್ರೆ. ಮಲ್ಯರು ತೀರಿಕೊಂಡದ್ದು 1965ರ ಡಿಸೆಂಬರಿನಲ್ಲಿ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಕೊಣಾಜೆಗೆ ಬಂದದ್ದು 1968ರಲ್ಲಿ. ಅದೇ ಬೆಳೆದು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಕೊಣಾಜೆಯ ಗುಡ್ಡಕ್ಕೆ 'ಮಂಗಳಗಂಗೋತ್ರಿ' ಎಂಬ ಹೆಸರಿದೆಯಲ್ಲ, ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ನೆನಪು ಅದರಲ್ಲೇ ಇದೆ. ಮಲ್ಯರನ್ನು ಅಲ್ಲಿ ಹುಡುಕುವುದು ಬೇಡ.

ಪದವಿಯ ಮಾತೂ ಸರಿಯಲ್ಲ. ಗಾಂಧೀಜಿ ಅಸಹಕಾರಕ್ಕೆ ಕರೆ ಕೊಟ್ಟಾಗ ಅವರು ಓದನ್ನು ಅರ್ಧಕ್ಕೆ ಬಿಟ್ಟು ಕಾಂಗ್ರೆಸ್ ಸೇರಿದರು. ಗೊಂದಲ ಎಲ್ಲಿಂದ ಬಂತು ಎಂದು ಊಹಿಸಬಹುದು. ಆಗ ಮಂಗಳೂರಿನ ಕಾಲೇಜುಗಳೆಲ್ಲ 1857ರಲ್ಲಿ ಹುಟ್ಟಿದ ಮದ್ರಾಸ್ ವಿಶ್ವವಿದ್ಯಾಲಯದ ಕೈಕೆಳಗಿದ್ದವು. ಪಾಠ ಇಲ್ಲಿ, ಪದವಿ ಅಲ್ಲಿಯದು. ಕಾಲೇಜು ಮೆಟ್ಟಿಲು ಹತ್ತಿದವರೆಲ್ಲ ಮದ್ರಾಸಿನವರೇ ಎಂದು ಜನ ಸುಮ್ನೆ ಹೇಳಿಬಿಡುತ್ತಾರೆ.

ಆದರೆ ವಿಶ್ವವಿದ್ಯಾಲಯಕ್ಕೂ ಮಲ್ಯರಿಗೂ ನಂಟು ಇಲ್ಲವೆಂದಲ್ಲ. ಆ ನಂಟು ಇರುವುದು ಸುರತ್ಕಲ್‌ನಲ್ಲಿ. 1956ರಲ್ಲಿ ದಕ್ಷಿಣ ಕನ್ನಡ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆಗ ಕೇಂದ್ರ ಸರಕಾರ ರಾಜ್ಯಗಳ ಜೊತೆ ಸೇರಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ತೆರೆಯುವ ಯೋಜನೆ ಹಾಕಿತ್ತು. ಇಡೀ ರಾಜ್ಯಕ್ಕೆ ಸಿಗುವ ಒಂದು ಕಾಲೇಜು ಕಡಲ ತೀರದ ಒಂದು ಸಣ್ಣ ಊರಿಗೆ ಬಂದದ್ದು ತಮಾಷೆಯ ಮಾತಲ್ಲ. ದೆಹಲಿಯಲ್ಲಿ ಮಲ್ಯರ ಮಾತಿಗೆ ತೂಕವಿತ್ತು. ಉಡುಪಿಯ ಸಂಸದರಾಗಿ ಆ ತೂಕವನ್ನು ಇಲ್ಲಿಗೆ ಬಳಸಿದರು. 1960ರಲ್ಲಿ ಕೆಆರ್‌ಇಸಿ, ಅಂದರೆ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು, ಸುರತ್ಕಲ್‌ನಲ್ಲಿ ಶುರುವಾಯಿತು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇವು ಮೂರೇ ವಿಭಾಗ. ಪದವಿ ಕೊಡುತ್ತಿದ್ದದ್ದು ಮೈಸೂರು ವಿಶ್ವವಿದ್ಯಾಲಯ. ಸ್ವಂತ ಪದವಿ ಪೂರೈಸದವರು ಸಾವಿರಾರು ಮನೆಗಳಿಗೆ ಪದವಿ ತಂದುಕೊಟ್ಟರು ನೋಡಿ. ಕೊಣಾಜೆಗಿಂತ ಈ ಕಥೆಯೇ ನನಗೆ ಜಾಸ್ತಿ ಇಷ್ಟ.

ಈಗ ಅದು ಎನ್‌ಐಟಿಕೆ, ಅಂದರೆ ಕರ್ನಾಟಕದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. 2002ರಿಂದ ಈ ಹೆಸರು. ಅದಕ್ಕೂ ಮೊದಲು 1980ರ ನಂತರ ಅದು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ನಿಮ್ಮ ಊರಿನವರು ಎರಡನ್ನೂ ಕಲಸಿದ್ದು ಇಲ್ಲೇ ಇರಬೇಕು. ನಿಮ್ಮ ಮಾವ ಅಲ್ಲಿ 1967ರಲ್ಲಿ ಪಾಸಾದವರು ಎಂದು ಬರೆದಿದ್ದೀರಿ. ಕಪಾಟಿನಿಂದ ಅವರ ಸರ್ಟಿಫಿಕೇಟ್ ತೆಗೆಸಿ ನೋಡಿ, ಮೇಲೆ ಯಾವ ಊರಿನ ಹೆಸರಿದೆ ಅಂತ.

ಸಂಪಾದಕ