ಮನೆಯಲ್ಲಿ ಹೇಳಿದ್ದು ಕಾಶಿಯಾತ್ರೆ, ಹೊರಟಿದ್ದು ಫೇಸ್‌ಲಿಫ್ಟ್‌ಗೆ

ಅವರನ್ನು ವಸುಧಾ ಅಂತ ಕರೆಯೋಣ. ಹೆಸರು, ಉದ್ಯೋಗ, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ವಯಸ್ಸು 56. ಜಯನಗರದ ಕಡೆಯವರು, ಬ್ಯಾಂಕಿನಲ್ಲಿ ಕೆಲಸ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಡಾಕ್ಟರ್ ಗದರಿಸಿದ ಮೇಲೆ ಅನ್ನ ಕಡಿಮೆ ಮಾಡಿ, ದಿನಾ ಬೆಳಿಗ್ಗೆ ಲಾಲ್‌ಬಾಗ್ ಸುತ್ತಿ, 16 ಕೆಜಿ ಇಳಿಸಿದ್ದರು. ಸಕ್ಕರೆ ಹತೋಟಿಗೆ ಬಂತು. ಜೊತೆಗೆ ಕೆನ್ನೆ ಜೋತು ಬಿತ್ತು, ಗಲ್ಲದ ಕೆಳಗೆ ಚರ್ಮ ಸಡಿಲವಾಯಿತು.

"ಎಲ್ಲಿ ಹೋದರೂ ಒಂದೇ ಪ್ರಶ್ನೆ ಮೇಡಂ. ಏನ್ರೀ, ಹುಷಾರಿಲ್ವಾ? ಯಾಕೆ ಹೀಗೆ ಬಾಡಿಹೋಗಿದ್ದೀರಾ? ಆರೋಗ್ಯ ಸರಿಹೋಗಿರೋದೇ ಈಗ. ನೋಡೋರಿಗೆ ಮಾತ್ರ ನಾನು ರೋಗಿ."

ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಮುಖದ ಚರ್ಮ ಬಿಗಿ ಮಾಡುವ ಆಪರೇಷನ್, ಮಾಡಿಸಿಕೊಳ್ಳಬೇಕಾ ಬೇಡವಾ ಅಂತ ಕೇಳೋಕೆ ಅವರು ಬಂದಿರಲಿಲ್ಲ. ಅದು ಆಗಲೇ ತೀರ್ಮಾನವಾಗಿತ್ತು. ಕ್ಲಿನಿಕ್ ನೋಡಿಟ್ಟಿದ್ದರು, ಮುಂಗಡವನ್ನೂ ಕೊಟ್ಟಿದ್ದರು. ಆಪ್ತ ಸಮಾಲೋಚಕಿಯಾದ ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಮಾತಾಡುತ್ತಾ ಹೋದಂತೆ ಕಾರಣ ಹೊರಬಂತು. ಗೆಳತಿಯರ ಜೊತೆ ಕಾಶಿ, ಗಯಾ ಅಂತ ಮನೆಯಲ್ಲಿ ಹೇಳಿದ್ದರು. ಆಪರೇಷನ್ ಮುಗಿಸಿಕೊಂಡು ಕೋರಮಂಗಲದ ಒಂದು ಸರ್ವಿಸ್ ಅಪಾರ್ಟ್‌ಮೆಂಟ್‌ನಲ್ಲಿ ಹನ್ನೆರಡು ದಿನ ಒಬ್ಬರೇ ಇದ್ದು, ಊತ ಇಳಿದ ಮೇಲೆ ಮನೆಗೆ ಹೋಗುವ ಲೆಕ್ಕ.

"ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ" ಅಂತ ನಾನು ಕೇಳಲಿಲ್ಲ. ಹಾಗೆ ಕೇಳೋಕೆ ಮನೆ ತುಂಬ ಜನ ಇರುತ್ತಾರೆ. ಕೂದಲಿಗೆ ಬಣ್ಣ ಹಚ್ಚುವುದನ್ನು, ಹಲ್ಲು ಕಟ್ಟಿಸುವುದನ್ನು ಒಪ್ಪುವ ನಾವು ಮುಖದ ಚರ್ಮದ ವಿಷಯಕ್ಕೆ ಬಂದಾಗ ಮಾತ್ರ ವೇದಾಂತಿಗಳಾಗುತ್ತೇವೆ. ನಾನು ಕೇಳಿದ್ದು ಬೇರೆ. ದಿನಕ್ಕೆ ಎಷ್ಟು ಹೊತ್ತು ಕನ್ನಡಿ ಮುಂದೆ ಹೋಗುತ್ತದೆ? ಮುಖದ ಯೋಚನೆಯಿಂದ ಕೆಲಸಕ್ಕೆ, ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಿದ್ದೀರಾ? ಆಪರೇಷನ್ ಆದ ಮೇಲೆ ಬದುಕಿನಲ್ಲಿ ಏನು ಬದಲಾಗಬೇಕು? ಕೆಲವರಿಗೆ ಬೇರೆಯವರ ಕಣ್ಣಿಗೆ ಬೀಳದ ಕೊರತೆಯೂ ಬೆಟ್ಟದಷ್ಟು ಕಾಣುತ್ತದೆ, ಹಗಲು ರಾತ್ರಿ ಅದೇ ಚಿಂತೆ. ಅಂಥವರಿಗೆ ಆಪರೇಷನ್ ಸಾಮಾನ್ಯವಾಗಿ ಸಮಾಧಾನ ಕೊಡುವುದಿಲ್ಲ. ಚಿಂತೆ ಮೂಗಿನಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಹೋಗುತ್ತದೆ ಅಷ್ಟೆ. ಅವರನ್ನು ನಾನು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ವಸುಧಾ ಅಂಥವರಲ್ಲ. "ಚಿಕ್ಕವಳ ಹಾಗೆ ಕಾಣಬೇಕು ಅಂತಿಲ್ಲ. ಕಾಯಿಲೆಯವಳ ಹಾಗೆ ಕಾಣಬಾರದು" ಅಂದರು. ಇಷ್ಟು ಅಳತೆಯ ಆಸೆ ಅಪರೂಪ.

ನನಗೆ ಭಯ ಹುಟ್ಟಿಸಿದ್ದು ಆ ಹನ್ನೆರಡು ದಿನದ ಒಂಟಿತನ.

ಆಪರೇಷನ್ ಬಗ್ಗೆ ಅವರಿಗೆ ಗೊತ್ತಿದ್ದದ್ದು ರೀಲ್ಸ್‌ನಲ್ಲಿ ನೋಡಿದಷ್ಟು. ನಾನು ವೈದ್ಯೆಯಲ್ಲ, ಇದನ್ನೆಲ್ಲ ಸರ್ಜನ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ ಅಂತ ಹೇಳಿಯೇ ಶುರು ಮಾಡಿದೆ. ಕಿವಿಯ ಮೇಲಿನ ಕೂದಲಿನಿಂದ ಹಿಡಿದು, ಕಿವಿಯ ಮುಂದೆ ಇಳಿದು, ಹಾಲೆ ಸುತ್ತಿ ಹಿಂದಕ್ಕೆ ಹೋಗುವಂತೆ ಕೊಯ್ಯುತ್ತಾರೆ. ಚರ್ಮ ಬಿಡಿಸಿ, ಅದರ ಕೆಳಗಿನ ಪದರವನ್ನು ಎಳೆದು ಬಿಗಿ ಮಾಡಿ, ಹೆಚ್ಚಾದ ಚರ್ಮ ತೆಗೆದು ಹೊಲಿಯುತ್ತಾರೆ. ಹಲವು ಗಂಟೆ ಹಿಡಿಯುವ ಕೆಲಸ. ಇದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ ಚರ್ಮದ ಅಡಿಯಲ್ಲಿ ರಕ್ತ ಸೇರಿಕೊಳ್ಳುವುದು. ಬಹುತೇಕ ಮೊದಲ 24 ಗಂಟೆಯೊಳಗೇ ಆಗುತ್ತದೆ. ಒಂದು ಕಡೆ ಕೆನ್ನೆ ಇದ್ದಕ್ಕಿದ್ದಂತೆ ಊದಿ, ಬಿಗಿದು, ನೋವು ಏರುತ್ತಾ ಹೋದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ತಡವಾದರೆ ಮೇಲಿನ ಚರ್ಮವೇ ಸಾಯಬಹುದು. ಬಿಪಿ ಇರುವವರಿಗೆ ಈ ಅಪಾಯ ಇನ್ನೂ ಜಾಸ್ತಿ. ಬಿಪಿ ಇರುವ ಹೆಂಗಸು ಒಬ್ಬರೇ, ಬಾಗಿಲು ಹಾಕಿಕೊಂಡು, ನೋವಿನ ಮಾತ್ರೆಯ ಮಂಪರಿನಲ್ಲಿ ಮಲಗಿದ್ದರೆ ಆ ಊತವನ್ನು ನೋಡುವವರು ಯಾರು?

ಆಗ ಇನ್ನೊಂದು ವಿಷಯ ಹೊರಬಂತು. ಅವರು ದಿನಾ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರು. ಕ್ಲಿನಿಕ್‌ನಲ್ಲಿ ಹೇಳಿರಲಿಲ್ಲ. "ಹೇಳಿದರೆ ಬೇಡ ಅಂದುಬಿಡ್ತಾರೆ." ರಕ್ತ ತೆಳು ಮಾಡುವ ಮಾತ್ರೆ ಮುಚ್ಚಿಟ್ಟು ಆಪರೇಷನ್ ಟೇಬಲ್ ಹತ್ತುವುದು ಸಣ್ಣ ಸುಳ್ಳಲ್ಲ. ಹಾಗಂತ ತಾವಾಗಿಯೇ ನಿಲ್ಲಿಸುವುದೂ ಅಷ್ಟೇ ತಪ್ಪು. ಬರೆದುಕೊಟ್ಟ ಡಾಕ್ಟರೂ ಸರ್ಜನ್ನೂ ಮಾತಾಡಿ ಹೇಳಬೇಕಾದ್ದು ಅದು. ವಿಟಮಿನ್ ಇ, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ಮೊಣಕಾಲು ನೋವಿಗೆ ಅಂತ ಅಂಗಡಿಯಲ್ಲಿ ಸುಮ್ನೆ ಕೊಳ್ಳುವ ಮಾತ್ರೆ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ ಅಂದೆ. ಬೀಡಿ ಸಿಗರೇಟು ಸೇದುವವರಾಗಿದ್ದರೆ ಅದನ್ನೂ ಕೆಲವು ವಾರ ಮೊದಲೇ ಬಿಡಿಸುತ್ತಾರೆ, ಇಲ್ಲದಿದ್ದರೆ ಚರ್ಮಕ್ಕೆ ರಕ್ತ ಸಾಲದು. ಇವರಿಗೆ ಆ ಚಿಂತೆ ಇರಲಿಲ್ಲ.

ಮುಂದಿನ ಸಲ ನಾವು ಹನ್ನೆರಡು ದಿನದ ಲೆಕ್ಕವನ್ನೇ ಬಿಚ್ಚಿ ನೋಡಿದೆವು. ಹೊಲಿಗೆ ಬಿಚ್ಚುವುದೇ ವಾರ, ಹತ್ತು ದಿನಕ್ಕೆ. ಕಪ್ಪು ನೀಲಿ ಕಲೆ, ಊತ ಹೊರಗೆ ಓಡಾಡುವಷ್ಟು ಇಳಿಯಲು ಎರಡು ಮೂರು ವಾರ. ಅಷ್ಟು ದಿನ ತಲೆ ಎತ್ತರಿಸಿ ಮಲಗಬೇಕು, ಬಗ್ಗಬಾರದು, ಭಾರ ಎತ್ತಬಾರದು. ಅಂದರೆ ಬಾಗಿಲಿಗೆ ರಂಗೋಲಿ ಇಲ್ಲ, ನೆಲಕ್ಕೆ ಬಗ್ಗಿ ನಮಸ್ಕಾರ ಇಲ್ಲ, ನೀರಿನ ಬಿಂದಿಗೆ ಇಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದು, ಎಣ್ಣೆ ಸ್ನಾನ, ತಲೆಗೆ ಬಣ್ಣ ಇವೆಲ್ಲ ಡಾಕ್ಟರ್ ಹೂಂ ಅನ್ನುವವರೆಗೆ ಬೇಡ. ಕಿವಿ ಮತ್ತು ಕೆನ್ನೆ ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇರಬಹುದು. ಬಿಸಿ ಗಾಳಿಯ ಡ್ರೈಯರ್ ಸುಟ್ಟರೂ ಗೊತ್ತಾಗದು. ಭಾರದ ಜುಮುಕಿ ಪೆಟ್ಟಿಗೆಯಲ್ಲೇ ಇರಲಿ. ಮುಖದ ನರಕ್ಕೆ ಪೆಟ್ಟಾಗಿ ನಗು ಸೊಟ್ಟಗಾಗುವುದೂ ಉಂಟು. ಹೆಚ್ಚಿನವರಲ್ಲಿ ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ, ತೀರಾ ಅಪರೂಪಕ್ಕೆ ಉಳಿದುಬಿಡುತ್ತದೆ. ಇಷ್ಟೆಲ್ಲ ಹೊತ್ತುಕೊಂಡು ಹದಿಮೂರನೇ ದಿನ ಗಂಗಾಜಲದ ತಂಬಿಗೆ ಹಿಡಿದು ಮನೆಗೆ ಬಂದರೆ ಯಾರು ನಂಬುತ್ತಾರೆ? ಅವರೇ ನಕ್ಕುಬಿಟ್ಟರು.

ನನ್ನ ಸಲಹೆ ಚಿಕ್ಕದಾಗಿತ್ತು. ಮಾಡಿಸಿಕೊಳ್ಳಿ, ಬಿಡಿ, ಅದು ನಿಮ್ಮದು. ಆದರೆ ಆಪರೇಷನ್ ಆದ ರಾತ್ರಿ ಪಕ್ಕದಲ್ಲಿ ಮಲಗುವ ಒಬ್ಬರಿಗಾದರೂ ಹೇಳದೆ ದಿನ ಗೊತ್ತು ಮಾಡಬೇಡಿ.

ತಂಗಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ನಾದಿನಿಗೆ. "ಅವಳಿಗೆ ಬಾಯಿ ಜೋರು, ಆದರೆ ಆಸ್ಪತ್ರೆ ಅಂದರೆ ಅವಳೇ." ಆ ಬಾಯಿ ಜೋರಿನ ನಾದಿನಿ ಒಂದೇ ಷರತ್ತು ಹಾಕಿದರು: ಅಣ್ಣನಿಗೆ ಗೊತ್ತಾಗಲೇಬೇಕು. ಹಾಗಾಗಿ ಮುಂದಿನ ಸಲ ಗಂಡನೂ ಬಂದು ಕೂತರು. ನಗುತ್ತಾರೆ, ದುಡ್ಡು ದಂಡ ಅನ್ನುತ್ತಾರೆ ಅಂತ ವಸುಧಾ ಹೆದರಿದ್ದರು. ಗಂಡ ಹೆದರಿದ್ದು ಬೇರೆಯದಕ್ಕೆ. 2022ರಲ್ಲಿ ಇದೇ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿಯೊಬ್ಬರು ತೀರಿಕೊಂಡದ್ದು ಅವರ ತಲೆಯಲ್ಲಿ ಕೂತಿತ್ತು. "ನಿನಗೇನಾದರೂ ಆಗಿದ್ದರೆ ನಾನು ಕಾಶಿಯಲ್ಲಿ ಹುಡುಕ್ತಿದ್ದೆ" ಅಂದರು. ವಸುಧಾ ಬಹಳ ಹೊತ್ತು ಮಾತಾಡಲಿಲ್ಲ.

ಆ ಭಯವನ್ನು ಕೆಲಸಕ್ಕೆ ಹಚ್ಚಿ, ಇಷ್ಟನ್ನು ಕೇಳಿಕೊಂಡು ಬನ್ನಿ ಅಂತ ಗಂಡನಿಗೆ ಹೇಳಿದೆ. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಅಥವಾ ಡಿಎನ್‌ಬಿ ಅನ್ನುವ ಉನ್ನತ ಪದವಿ ಓದಿದವರಾ? ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿದೆಯಾ? ಅರಿವಳಿಕೆ ಕೊಡುವವರು ಯಾರು? ಐಸಿಯು ಅಲ್ಲೇ ಇದೆಯಾ? ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಯಾರು? ಕೊನೆಯ ಪ್ರಶ್ನೆಗೆ ಕ್ಲಿನಿಕ್‌ನಿಂದ ನೇರ ಉತ್ತರ ಬರಲಿಲ್ಲ. ಆ ಕ್ಲಿನಿಕ್ ಬೇಡ ಅಂತ ತೀರ್ಮಾನಿಸಿದರು. ಮುಂಗಡದಲ್ಲಿ ಸ್ವಲ್ಪ ಹೋಯಿತು, ಹೋಗಲಿ ಅಂತ ಬಿಟ್ಟರು. ಅಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ಆರೋಗ್ಯ ವಿಮೆ ಕೊಡುವುದಿಲ್ಲ ಅನ್ನುವುದು ಬ್ಯಾಂಕಿನವರಾದ ಅವರಿಗೆ ಮೊದಲೇ ಗೊತ್ತಿತ್ತು.

ದೊಡ್ಡ ಆಸ್ಪತ್ರೆಯ ಸರ್ಜನ್ ತೂಕ ಒಂದು ಕಡೆ ನಿಲ್ಲಲಿ, ಬಿಪಿ ಮತ್ತು ಸಕ್ಕರೆ ಸರಿಯಾಗಿರಲಿ ಅಂತ ಕೆಲವು ತಿಂಗಳು ಕಾಯಿಸಿದರು. ಆಮೇಲೆ ಆಪರೇಷನ್ ಆಯಿತು. ಮೊದಲ ರಾತ್ರಿ ಆಸ್ಪತ್ರೆಯಲ್ಲಿ ನಾದಿನಿ ಪಕ್ಕದಲ್ಲಿದ್ದರು, ರಕ್ತ ಸೇರಲಿಲ್ಲ.

ಐದನೇ ದಿನ ವಸುಧಾ ಅಳುತ್ತಾ ಫೋನ್ ಮಾಡಿದರು. "ಇದು ನನ್ನ ಮುಖವೇ ಅಲ್ಲ. ಏನು ಮಾಡಿಕೊಂಡುಬಿಟ್ಟೆ." ಹೀಗಾಗಬಹುದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಊತ, ನೋವಿನ ಮಾತ್ರೆ, ನಿದ್ದೆಗೇಡು ಎಲ್ಲ ಸೇರಿ ಮೊದಲ ಒಂದೆರಡು ವಾರ ಮನಸ್ಸು ಕುಸಿಯುವುದು ಸಾಮಾನ್ಯ. ಕನ್ನಡಿಗೆ ಬಟ್ಟೆ ಹಾಕಿ, ಫೋಟೊ ತೆಗೆಯಬೇಡಿ, ಸಂಜೆ ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿ ಅಂದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರ ದಾಟಿಯೂ ಹಾಗೇ ಇದ್ದರೆ ಮನೋವೈದ್ಯರನ್ನು ನೋಡಲೇಬೇಕು ಅಂತಲೂ ಹೇಳಿದೆ. ಅಷ್ಟು ದೂರ ಹೋಗಲಿಲ್ಲ. ಎಡಗಡೆ ಕೆಳತುಟಿ ಸ್ವಲ್ಪ ಎಳೆಯುತ್ತಿತ್ತು, ಅದು ಎರಡು ತಿಂಗಳಲ್ಲಿ ಸರಿಯಾಯಿತು.

ಈಗ ಆರು ತಿಂಗಳಾಗಿದೆ. "ಹುಷಾರಿಲ್ವಾ" ಅನ್ನುವುದು ನಿಂತಿದೆ. ಕಿವಿಯ ಹಾಲೆಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ. ಬ್ಯಾಂಕಿನಲ್ಲಿ ಇಬ್ಬರಿಗೆ ಮಾತ್ರ ನಿಜ ಹೇಳಿದ್ದಾರೆ, ಉಳಿದವರಿಗೆ "ರಜೆ ಹಾಕಿ ರೆಸ್ಟ್ ತಗೊಂಡೆ". ಅದು ಸುಳ್ಳೂ ಅಲ್ಲ. ಕುತ್ತಿಗೆಯಲ್ಲಿ ಇನ್ನೊಂದು ಗೆರೆ ಉಳಿದಿದೆ, ಅದನ್ನೂ ಸರಿ ಮಾಡಿಸಲಾ ಅಂತ ಮೊನ್ನೆ ಕೇಳಿದರು. ಗಾಯದ ಗುರುತು ಪೂರ್ತಿ ಮಾಗಲು ಸುಮಾರು ವರ್ಷ ಬೇಕು, ಅಲ್ಲಿಯವರೆಗೆ ಆ ಮಾತೇ ಬೇಡ ಅಂದಿದ್ದೇನೆ. ಹೂಂ ಅಂದರು. ಗಂಡನ ಹತ್ತಿರವೂ ಇದೇ ಮಾತು ಕೇಳಿದ್ದಾರಂತೆ.