ಹಳೆ ವಿ8 ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಹಿಂಬದಿಯ ಎಣ್ಣೆ ಸೋರಿಕೆ

ಎರಡು ಸಲ ಪ್ಯಾಕಿಂಗ್ (ಗ್ಯಾಸ್ಕೆಟ್) ಬದಲಿಸಿದರೂ ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಹಂಚುವ, ಎಂಜಿನ್ ಮೇಲಿನ ಭಾಗ) ಹಿಂಬದಿಯಿಂದ ಎಣ್ಣೆ ಜಿನುಗುವುದು ನಿಂತಿಲ್ಲ ಅಂತ ಬರೆದಿದ್ದೀರಿ. ಮೂರನೇ ಸೆಟ್ ತರುವ ಮುಂಚೆ ಸ್ವಲ್ಪ ತಡೆಯಿರಿ ಸರ್. ಈ ಹಳೆ ವಿ8ಗಳಲ್ಲಿ (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಪ್ಯಾಕಿಂಗ್ ಕೆಟ್ಟು ಸೋರುವುದಕ್ಕಿಂತ ಕೂರಿಸಿದ ರೀತಿ ಸರಿಯಿಲ್ಲದೆ ಸೋರುವುದೇ ಜಾಸ್ತಿ.

ಮೊದಲು, ಎಣ್ಣೆ ನಿಜಕ್ಕೂ ಅಲ್ಲಿಂದಲೇ ಬರುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ವಾಲ್ವ್ ಕವರಿನ ಹಿಂದಿನ ಮೂಲೆ, ಆಯಿಲ್ ಪ್ರೆಶರ್ ಸ್ವಿಚ್, ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಬುಡದ ಪ್ಯಾಕಿಂಗ್ ಎಲ್ಲವೂ ಅಕ್ಕಪಕ್ಕದಲ್ಲೇ ಇರುತ್ತವೆ. ಎಲ್ಲಿ ಸೋರಿದರೂ ಎಣ್ಣೆ ಬ್ಲಾಕಿನ ಬೆನ್ನ ಮೇಲೆ ಇಳಿದು ಗೇರ್‌ಬಾಕ್ಸ್ ಹತ್ತಿರ ತೊಟ್ಟಿಕ್ಕುತ್ತದೆ. ನಾನು ಒಮ್ಮೆ ಇದನ್ನೇ ನೋಡಿ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ ಅಂದುಕೊಂಡು, ಗೇರ್‌ಬಾಕ್ಸ್ ಇಳಿಸಿ ಹೊಸ ಸೀಲ್ ಹಾಕಿದೆ. ವಾರದೊಳಗೆ ಅದೇ ಜಾಗದಲ್ಲಿ ಅದೇ ತೊಟ್ಟು! ಈಗ ಮೊದಲು ಅಲ್ಲೆಲ್ಲ ತೊಳೆದು ಒಣಗಿಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಕಾಲು ಗಂಟೆ ಎಂಜಿನ್ ಓಡಿಸುತ್ತೇನೆ. ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎಲ್ಲಿಂದ ಶುರುವಾಗುತ್ತದೋ ಅದೇ ಕಳ್ಳ.

ಎರಡನೆಯದು ಪಿಸಿವಿ ವಾಲ್ವ್, ಅಂದರೆ ಎಂಜಿನ್ ಒಳಗಿನ ಗ್ಯಾಸನ್ನು ಮ್ಯಾನಿಫೋಲ್ಡಿಗೆ ಎಳೆದುಕೊಳ್ಳಲು ಬಿಡುವ ವಾಲ್ವ್. ಕಿತ್ತು ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನಬೇಕು. ಎಂಜಿನ್ ಐಡಲ್‌ನಲ್ಲಿರುವಾಗ ಅದರ ಬಾಯಿಗೆ ಬೆರಳು ಇಟ್ಟರೆ ಎಳೆಯಬೇಕು. ಅದು ಕಟ್ಟಿಕೊಂಡಿದ್ದರೆ ಪಿಸ್ಟನ್ ರಿಂಗ್ ದಾಟಿ ಬಂದ ಗ್ಯಾಸ್ ಒಳಗೇ ಒತ್ತಡ ಕಟ್ಟುತ್ತದೆ, ಎಲ್ಲಿ ಬಿಗಿ ಕಡಿಮೆಯೋ ಅಲ್ಲಿಂದ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಎಂಜಿನ್ ಸ್ವಲ್ಪ ಹಿಂದಕ್ಕೆ ವಾಲಿ ಕೂತಿರುವುದರಿಂದ ಎಣ್ಣೆ ನಿಲ್ಲುವುದೂ ಹಿಂಬದಿಯಲ್ಲೇ. ಇದನ್ನು ಸರಿಮಾಡದೆ ಎಷ್ಟು ಪ್ಯಾಕಿಂಗ್ ಹಾಕಿದರೂ ಅಷ್ಟೇ.

ಇನ್ನು ಬಿಚ್ಚುವ ಕೆಲಸ. ಕೂಲಂಟ್ ಇಳಿಸಿ. ಡಿಸ್ಟ್ರಿಬ್ಯೂಟರ್ ಎತ್ತುವ ಮುಂಚೆ ಅದರೊಳಗೆ ತಿರುಗುವ ರೋಟರ್ ಎಲ್ಲಿಗೆ ಮುಖ ಮಾಡಿದೆ ಅಂತ ಗುರುತು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಮ್ಯಾನಿಫೋಲ್ಡ್ ಎತ್ತಿದ ತಕ್ಷಣ ಒಳಗಿನ ಕಣಿವೆಗೆ (ಎರಡು ಸಿಲಿಂಡರ್ ಸಾಲುಗಳ ನಡುವಿನ ತಗ್ಗು) ಬಟ್ಟೆ ತುಂಬಿ. ಹಳೆ ಪ್ಯಾಕಿಂಗ್ ಕೆರೆಯಲು ಬ್ಲೇಡ್ ಸಾಕು, ಅಲ್ಯೂಮಿನಿಯಂ ಆಗಿದ್ದರೆ ಪ್ಲಾಸ್ಟಿಕ್ ಕೆರೆಯುವ ಪಟ್ಟಿ. ಗ್ರೈಂಡರಿಗೆ ಉಜ್ಜುವ ಡಿಸ್ಕ್ ಹಾಕಬೇಡಿ, ದಯವಿಟ್ಟು. ಅದರ ಪುಡಿ ಎಣ್ಣೆಗೆ ಬಿದ್ದು ಬೇರಿಂಗ್ ತಿಂದುಹಾಕುತ್ತದೆ.

ಆಮೇಲೆ ಬ್ರೇಕ್ ಕ್ಲೀನರ್ ಅಥವಾ ಅಸಿಟೋನ್ ಹಾಕಿ ಒರೆಸಿ. ಒಮ್ಮೆ ಒರೆಸಿದರೆ ಆಗುವುದಿಲ್ಲ. ಒಣಗಿತು ಅಂದುಕೊಂಡ ಐದು ನಿಮಿಷಕ್ಕೆ ಬ್ಲಾಕಿನ ಅಂಚಿನಲ್ಲಿ ಎಣ್ಣೆ ಮತ್ತೆ ಪಸೆಯಾಡುತ್ತದೆ. ಬಿಳಿ ಬಟ್ಟೆ ಬಿಳಿಯಾಗೇ ಉಳಿಯುವ ತನಕ ಒರೆಸಿ. ಈ ಅರ್ಧ ಗಂಟೆಯಲ್ಲೇ ಮುಕ್ಕಾಲು ಕೆಲಸ ಇರುವುದು.

ಸಿಲಿಂಡರ್ ಹೆಡ್ ಕಡೆಯ ಎರಡು ಪ್ಯಾಕಿಂಗ್ ಸೆಟ್ಟಿನವೇ ಇರಲಿ. ಮುಂದೆ ಹಿಂದೆ ಹಾಕಲು ಬರುವ ಕಾರ್ಕ್ ಅಥವಾ ರಬ್ಬರ್ ಪಟ್ಟಿಗಳನ್ನು ನಾನಂತೂ ಹಾಕುವುದೇ ಇಲ್ಲ. ಬೋಲ್ಟ್ ಬಿಗಿಯಾಗುತ್ತಾ ಹೋದಂತೆ ಅವು ಜಾರಿ ಆಚೆ ಬರುತ್ತವೆ. ಬದಲಿಗೆ ಎಣ್ಣೆ ತಡೆಯುವ ಆರ್‌ಟಿವಿ ಸಿಲಿಕೋನ್ (ಟ್ಯೂಬಿನಲ್ಲಿ ಬರುವ, ತಾನಾಗಿ ಗಟ್ಟಿಯಾಗುವ ಅಂಟು). ಮೊದಲು ಬದಿಯ ಪ್ಯಾಕಿಂಗ್ ಮಾತ್ರ ಇಟ್ಟು ಮ್ಯಾನಿಫೋಲ್ಡ್ ಒಣದಾಗಿ ಕೂರಿಸಿ, ಹಿಂದೆ ಎಷ್ಟು ಸಂದು ಉಳಿಯುತ್ತದೆ ನೋಡಿ. 3 ಮಿ.ಮೀ. ಸಂದಿದ್ದರೆ 6 ಮಿ.ಮೀ. ದಪ್ಪದ ಸಿಲಿಕೋನ್ ಗೆರೆ ಎಳೆಯಿರಿ, ಎಲ್ಲೂ ಕಡಿಯಬಾರದು. ಸಂದೇ ಇಲ್ಲದೆ ಲೋಹಕ್ಕೆ ಲೋಹ ತಾಗುತ್ತಿದ್ದರೆ ಯಾರೋ ಹೆಡ್ ಅಥವಾ ಬ್ಲಾಕ್ ಮೇಲ್ಮೈ ಜಾಸ್ತಿ ಕಡಿದಿದ್ದಾರೆ. ಆಗ ಸಿಲಿಕೋನ್ ಹಾಕಿ ಪ್ರಯೋಜನವಿಲ್ಲ, ಮ್ಯಾನಿಫೋಲ್ಡನ್ನು ಅದಕ್ಕೆ ಹೊಂದುವಂತೆ ಮಷೀನ್ ಮಾಡಿಸಬೇಕು. ಹೆಡ್, ಬ್ಲಾಕ್, ಪ್ಯಾಕಿಂಗ್ ಮೂರೂ ಸೇರುವ ನಾಲ್ಕು ಮೂಲೆಗಳಿಗೆ ಒಂದೊಂದು ಗುಳಿಗೆಯಷ್ಟು ಹೆಚ್ಚಿಗೆ ಇಟ್ಟು, ಪ್ಯಾಕಿಂಗ್ ತುದಿಯ ಮೇಲೂ ಹತ್ತಿಸಿ. ಬಹಳಷ್ಟು ಸೋರಿಕೆ ಶುರುವಾಗುವುದು ಈ ಮೂಲೆಗಳಲ್ಲೇ.

ಕೂರಿಸುವಾಗ ನೆಟ್ಟಗೆ ಕೆಳಗಿಳಿಯಬೇಕು. ಒಬ್ಬನೇ ಎತ್ತಲು ಹೋಗಿ ನಾನು ಒಮ್ಮೆ ಅರ್ಧ ಇಂಚು ಹಿಂದಕ್ಕೆ ಜಾರಿಸಿದ್ದೆ. ಸಿಲಿಕೋನ್ ಗೆರೆ ಒರೆಸಿಹೋಗಿದ್ದು ಹೊರಗಿನಿಂದ ಕಾಣಲೇ ಇಲ್ಲ. ಈಗ ತಲೆ ಕತ್ತರಿಸಿದ ನಾಲ್ಕು ಉದ್ದ ಬೋಲ್ಟ್‌ಗಳನ್ನು ಮೂಲೆಯ ತೂತುಗಳಿಗೆ ತಿರುಗಿಸಿಟ್ಟು, ಅವುಗಳ ಮೇಲೆ ಇಳಿಸುತ್ತೇನೆ. ಇನ್ನೊಬ್ಬರು ಕೈ ಹಾಕಿದರೆ ಇನ್ನೂ ಒಳ್ಳೆಯದು.

ಒಳಗಿನ ಕಣಿವೆಗೋ ಕೂಲಂಟಿಗೋ ತೆರೆದುಕೊಳ್ಳುವ ಬೋಲ್ಟ್‌ಗಳ ಥ್ರೆಡ್‌ಗೆ ಸೀಲಂಟ್ ಹಚ್ಚಿ. ನಡುವಿನಿಂದ ಹೊರಕ್ಕೆ, ಅಡ್ಡಡ್ಡ, ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಟಾರ್ಕ್ ಎಷ್ಟು ಅನ್ನುವುದನ್ನು ನಿಮ್ಮ ಎಂಜಿನ್ ಮ್ಯಾನ್ಯುಯಲ್‌ನಲ್ಲಿ ನೋಡಿ. ಕೊನೆಯ ಬೋಲ್ಟ್ ಬಿಗಿಯಾದಾಗ ಮೊದಲಿನದು ಸಡಿಲಾಗಿರುತ್ತದೆ, ಹಾಗಾಗಿ ಇನ್ನೊಂದು ಸುತ್ತು ಹೋಗಿ. ಸಿಲಿಕೋನ್ ಗಟ್ಟಿಯಾಗಲು 24 ಗಂಟೆ ಬಿಡಿ. ಬಿಚ್ಚುವಾಗ ಒಳಗೆ ಕೂಲಂಟ್ ಬಿದ್ದೇ ಇರುತ್ತದೆ, ಅದಕ್ಕೆ ಸ್ಟಾರ್ಟ್ ಮಾಡುವ ಮುಂಚೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಿ.

ನೀಲಿ ಹೊಗೆಯೂ ಬರುತ್ತಿದೆ ಅಂದಿರಿ ಅಲ್ವಾ? ಪೋರ್ಟಿನ (ಮ್ಯಾನಿಫೋಲ್ಡಿನಿಂದ ಹೆಡ್‌ಗೆ ಗಾಳಿ ಹೋಗುವ ತೂತು) ಕೆಳಬದಿಯಲ್ಲಿ ಪ್ಯಾಕಿಂಗ್ ಕೂತಿಲ್ಲದಿದ್ದರೆ ಎಂಜಿನ್ ಕಣಿವೆಯ ಎಣ್ಣೆಯನ್ನೇ ಹೀರಿ ಸುಡುತ್ತದೆ. ಬಿಚ್ಚುವ ಮುಂಚೆ, ಪಿಸಿವಿ ಪೈಪ್ ತೆಗೆದು ಮ್ಯಾನಿಫೋಲ್ಡ್ ಕಡೆಯ ತುದಿ ಮುಚ್ಚಿ, ಗಾಳಿಯಾಡುವ ಬ್ರೀದರ್ ತೂತುಗಳನ್ನೂ ಮುಚ್ಚಿ, ಐಡಲ್‌ನಲ್ಲಿ ಎಣ್ಣೆ ಹಾಕುವ ಬಾಯಿಗೆ ಅಂಗೈ ಇಟ್ಟು ನೋಡಿ. ಸ್ವಲ್ಪ ತಳ್ಳಿದರೆ ಸರಿ. ಒಳಕ್ಕೆ ಎಳೆದರೆ ಅದೇ ತೊಂದರೆ.

ಬಿಚ್ಚಿದಾಗ ಹಳೆ ಸಿಲಿಕೋನನ್ನು ಸುಮ್ನೆ ಕೆರೆದು ಬಿಸಾಕಬೇಡಿ, ಒಮ್ಮೆ ನೋಡಿ. ಮ್ಯಾನಿಫೋಲ್ಡಿಗೆ ಗಟ್ಟಿಯಾಗಿ ಅಂಟಿಕೊಂಡು, ಬ್ಲಾಕ್ ಕಡೆ ಮಾತ್ರ ಸಿಪ್ಪೆಯ ಹಾಗೆ ಸುಲಿದು ಬಂದರೆ, ಹೋದ ಸಲ ಬ್ಲಾಕಿನ ಅಂಚಿನಲ್ಲಿ ಎಣ್ಣೆ ಪಸೆ ಉಳಿದಿತ್ತು ಅಂತಲೇ ಅರ್ಥ.